ಆರನೇ ಹಲ್ಲನ್ನು ಎಣಿಸಿ ನೋಡಿ

ಪ್ರಶ್ನೆ: ನಮ್ಮ ಮಗುವಿಗೆ ಹನ್ನೊಂದು ತಿಂಗಳು ತುಂಬಿದರೂ ಒಂದು ಹಲ್ಲೂ ಮೂಡಿಲ್ಲ. ಪಕ್ಕದ ಮನೆಯ ಮಗುವಿಗೆ ಆರನೇ ತಿಂಗಳಿಗೇ ಎರಡು ಬಂದಿದ್ದವು. ಕ್ಯಾಲ್ಸಿಯಂ ಟಾನಿಕ್ ಕೊಡಬೇಕೆಂದು ಹಿರಿಯರು ಹೇಳುತ್ತಾರೆ.
– ಓದುಗರೊಬ್ಬರು, ಹಾವೇರಿ

ಉತ್ತರ: ಗಾಬರಿಯಾಗುವ ಕಾಲ ಇನ್ನೂ ಬಂದಿಲ್ಲ. ಕೆಳದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಸಾಮಾನ್ಯವಾಗಿ 6ರಿಂದ 10 ತಿಂಗಳೊಳಗೆ ಕಾಣಿಸಿಕೊಳ್ಳುತ್ತವೆಯಾದರೂ, ತಂದೆಗೋ ತಾಯಿಗೋ ಹಲ್ಲು ತಡವಾಗಿ ಬಂದಿದ್ದ ಮನೆಗಳಲ್ಲಿ, ಹಾಗೆಯೇ ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ, ಮೊದಲ ಹಲ್ಲು ವರ್ಷ ದಾಟಿ ಬರುವುದೂ ಉಂಟು. ಹಾಲುಹಲ್ಲುಗಳು ಗರ್ಭದಲ್ಲಿದ್ದಾಗಲೇ ದವಡೆಯೊಳಗೆ ರೂಪುಗೊಳ್ಳತೊಡಗಿರುತ್ತವೆ. ಟಾನಿಕ್ ಕುಡಿಸಿ ಅವನ್ನು ಬೇಗ ಹೊರಗೆ ತರಲಾಗದು. ಮೊದಲ ಹುಟ್ಟುಹಬ್ಬದ ಹೊತ್ತಿಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ. ಒಂದೂವರೆ ವರ್ಷವಾದರೂ ಒಂದು ಹಲ್ಲೂ ಮೂಡದಿದ್ದರೆ ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆಯಂತಹ ಕಾರಣಗಳಿವೆಯೇ ಎಂದು ಮಕ್ಕಳ ವೈದ್ಯರು ಪರೀಕ್ಷಿಸಬೇಕಾಗುತ್ತದೆ. ಎರಡೂವರೆಯಿಂದ ಮೂರು ವರ್ಷದೊಳಗೆ 20 ಹಾಲುಹಲ್ಲುಗಳೂ ಬಂದಿರುತ್ತವೆ.

ನೀವು ಕೇಳದಿದ್ದರೂ ಒಂದು ಮಾತು: ಹಲ್ಲು ಮೂಡುವಾಗ ಜೊಲ್ಲು ಸುರಿಯಬಹುದು, ಮಗು ರಚ್ಚೆ ಹಿಡಿಯಬಹುದು, ಆದರೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರವನ್ನು ಹಲ್ಲಿನ ಲೆಕ್ಕಕ್ಕೆ ಬರೆದು ಸುಮ್ಮನಿರಬಾರದು. ನೋವು ತಿಳಿಯದಂತೆ ಮರಗಟ್ಟಿಸುವ ಬೆನ್ಜೊಕೇನ್ ಎಂಬ ಔಷಧವಿರುವ ಜೆಲ್ಲನ್ನು ಎರಡು ವರ್ಷದೊಳಗಿನ ಮಕ್ಕಳ ವಸಡಿಗೆ ಸವರುವುದು ಅಪಾಯಕಾರಿ.

ಪ್ರಶ್ನೆ: ಆರೂವರೆ ವರ್ಷದ ಮಗಳಿಗೆ ಕೆಳಗಿನ ಹಾಲುಹಲ್ಲು ಬೀಳುವ ಮೊದಲೇ ಅದರ ಹಿಂದೆ ಹೊಸ ಹಲ್ಲು ಬಂದಿದೆ. ಕೊನೆಯ ದವಡೆಹಲ್ಲಿನಲ್ಲಿ ಕಪ್ಪು ಚುಕ್ಕೆಯೂ ಇದೆ. ಅದು ಹೇಗೂ ಬೀಳುವ ಹಲ್ಲಲ್ಲವೇ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಮೊದಲನೆಯದು ಈ ವಯಸ್ಸಿನಲ್ಲಿ ತೀರ ಸಾಮಾನ್ಯ. ಹಾಲುಹಲ್ಲು ಅಲುಗಾಡುತ್ತಿದ್ದರೆ ಮಗು ಅದನ್ನು ನಾಲಿಗೆಯಿಂದ ಆಡಿಸುತ್ತಿರಲಿ. ಅದು ಬಿದ್ದ ಮೇಲೆ ಜಾಗ ಸಾಕಷ್ಟಿದ್ದರೆ ಹಿಂದಿನ ಹಲ್ಲನ್ನು ನಾಲಿಗೆಯೇ ಕ್ರಮೇಣ ಮುಂದಕ್ಕೆ ತಳ್ಳುತ್ತದೆ. ಎರಡು ಮೂರು ತಿಂಗಳಾದರೂ ಅಲುಗಾಡದಿದ್ದರೆ ವೈದ್ಯರು ತೆಗೆಯಬೇಕಾದೀತು.

ನನಗೆ ಹೆಚ್ಚು ಚಿಂತೆಯಾಗಿರುವುದು ನಿಮ್ಮ ಎರಡನೆಯ ಮಾತಿನಿಂದ. ಹಳೆಯದು ಬಿದ್ದರೆ ಮಾತ್ರ ಹೊಸದು ಬರುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ, ಆದರೆ ಆರನೇ ವಯಸ್ಸಿನ ಆಸುಪಾಸಿನಲ್ಲಿ ಮೂಡುವ ಮೊದಲ ಶಾಶ್ವತ ದವಡೆಹಲ್ಲು ಯಾವ ಹಲ್ಲನ್ನೂ ಬೀಳಿಸದೆ, ಹಾಲುಹಲ್ಲುಗಳ ಸಾಲಿನ ಹಿಂದೆ, ಸದ್ದಿಲ್ಲದೆ ಬಂದು ಕೂತಿರುತ್ತದೆ. ಅದನ್ನು ಹಾಲುಹಲ್ಲೆಂದು ತಿಳಿದು ಹುಳುಕು ಹಿಡಿಯಲು ಬಿಟ್ಟ ಪೋಷಕರನ್ನು ಪ್ರತಿ ದಂತವೈದ್ಯರೂ ನೋಡಿರುತ್ತಾರೆ. ಮಗಳನ್ನು ಬೆಳಕಿಗೆ ಕೂರಿಸಿ, ದವಡೆಯ ನಡುಗೆರೆಯಿಂದ ಒಂದು ಪಕ್ಕದ ಹಲ್ಲುಗಳನ್ನು ಹಿಂದಕ್ಕೆ ಎಣಿಸಿ. ಈಗ ಹಿಂದೆ ಹುಟ್ಟಿರುವ ಹೊಸ ಹಲ್ಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಾಲುಹಲ್ಲುಗಳು ಪಕ್ಕಕ್ಕೆ ಐದೇ. ಆರನೆಯದೊಂದು ಇದ್ದರೆ, ಚುಕ್ಕೆ ಇರುವುದು ಅದರ ಮೇಲೆಯೇ ಆಗಿದ್ದರೆ, ಅದು ಜೀವನಪರ್ಯಂತ ಇರಬೇಕಾದ ಹಲ್ಲು. ಅದರ ಅಗಿಯುವ ಮೈಯಲ್ಲಿ ಬ್ರಷ್ಷಿನ ಎಳೆಯೂ ಇಳಿಯದಷ್ಟು ಸಣ್ಣ ಗೀರುಗಳಿರುತ್ತವೆ. ಅಲ್ಲಿ ಕೂತ ಬಿಸ್ಕತ್ತಿನ ಹಿಟ್ಟಿನಿಂದಲೇ ಹುಳುಕು ಶುರುವಾಗುತ್ತದೆ. ಹುಳುಕು ಹಿಡಿಯದ ಹಲ್ಲಿಗೆ ಆ ಗೀರುಗಳನ್ನು ಮುಚ್ಚುವ ಸೀಲೆಂಟ್ ಲೇಪವನ್ನು ವೈದ್ಯರು ಹಚ್ಚುತ್ತಾರೆ. ನೋವೂ ಇಲ್ಲ, ಚುಚ್ಚುಮದ್ದೂ ಇಲ್ಲ.

ಚುಕ್ಕೆ ಐದನೆಯದರ ಮೇಲಿದ್ದರೂ ಉಪೇಕ್ಷೆ ಸಲ್ಲದು. ಆ ಹಾಲುಹಲ್ಲು ಬೀಳುವುದು 10ರಿಂದ 12ನೇ ವಯಸ್ಸಿನಲ್ಲಿ. ಹುಳುಕಿನಿಂದ ಅದನ್ನು ಈಗಲೇ ಕೀಳಿಸಿದರೆ ಆರನೆಯದು ಮುಂದಕ್ಕೆ ವಾಲಿ, ಕೆಳಗೆ ಕಾಯುತ್ತಿರುವ ಶಾಶ್ವತ ಹಲ್ಲಿಗೆ ಜಾಗವೇ ಇಲ್ಲದಂತಾಗುತ್ತದೆ. ತೆಗೆಯಲೇಬೇಕಾದರೆ ಜಾಗ ಕಾಯುವ ಸಾಧನವನ್ನು ಕೂರಿಸಬೇಕೇ ಎಂದು ವೈದ್ಯರನ್ನು ಕೇಳಿ.

ಪ್ರಶ್ನೆ: ಎಂಟು ವರ್ಷದ ಮಗನ ಮೇಲಿನ ಎರಡು ಹೊಸ ಬಾಚಿಹಲ್ಲುಗಳ ನಡುವೆ ಸಂದು ಬಿದ್ದಿದೆ. ಕ್ಲಿಪ್ ಹಾಕಿಸಬೇಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಈಗ ಬೇಡ. ಮೇಲಿನ ಕೋರೆಹಲ್ಲುಗಳು ದವಡೆಯೊಳಗೆ ಇಳಿಯುತ್ತಿರುವಾಗ ಬಾಚಿಹಲ್ಲುಗಳ ಬೇರನ್ನು ಒತ್ತುವುದರಿಂದ ಈ ವಯಸ್ಸಿನಲ್ಲಿ ಸಂದು ಕಾಣುವುದು ಸಹಜ. 11, 12ರ ಹೊತ್ತಿಗೆ ಕೋರೆಹಲ್ಲುಗಳು ಬಂದ ಮೇಲೆ ಸಣ್ಣ ಸಂದು ಹೆಚ್ಚಾಗಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಹತ್ತು ವರ್ಷ ತುಂಬಿದಾಗ ಮಾತ್ರ, ಕೋರೆಹಲ್ಲುಗಳ ಉಬ್ಬು ಮೇಲಿನ ವಸಡಿನ ಹೊರಬದಿಯಲ್ಲಿ ಎರಡೂ ಕಡೆ ಬೆರಳಿಗೆ ಸಿಗುತ್ತದೆಯೇ ಎಂದು ದಂತವೈದ್ಯರಿಂದ ಪರೀಕ್ಷೆ ಮಾಡಿಸಿ. ಸಿಗದಿದ್ದರೆ ಎಕ್ಸ್‌ರೇ ತೆಗೆದು ಅವು ಯಾವ ದಿಕ್ಕಿಗೆ ಹೊರಟಿವೆ ಎಂದು ಅವರು ನೋಡುತ್ತಾರೆ.