ಎಡಿನ್‌ಬರೊದ ಆಗಸ್ಟ್: ಏನನ್ನು ನೋಡುವುದು, ಏನನ್ನು ಬಿಡುವುದು?

ಪ್ರಶ್ನೆ: ನಾನು ಮತ್ತು ನನ್ನ ಯಜಮಾನರು ಇಬ್ಬರೂ ನಿವೃತ್ತ ಅಧ್ಯಾಪಕರು. ನಾಟಕ, ಸಂಗೀತ ಎಂದರೆ ಇಬ್ಬರಿಗೂ ಪ್ರಾಣ. ಮುಂದಿನ ಆಗಸ್ಟ್‌ನಲ್ಲಿ ಒಂದು ವಾರ ಎಡಿನ್‌ಬರೊ ಉತ್ಸವಕ್ಕೆ ಹೋಗಬೇಕೆಂದಿದ್ದೇವೆ. ಅಲ್ಲಿ ಸಾವಿರಾರು ಪ್ರದರ್ಶನಗಳಿರುತ್ತವೆ ಎಂದು ತಿಳಿದು ದಿಗಿಲಾಗಿದೆ. ಹೇಗೆ ಆರಿಸಿಕೊಳ್ಳುವುದು? ಸ್ಕಾಟ್ಲೆಂಡಿನವರ ಇಂಗ್ಲಿಷ್ ನಮಗೆ ಅರ್ಥವಾದೀತೇ?

ಉತ್ತರ: ಆಗಸ್ಟ್‌ನಲ್ಲಿ ಎಡಿನ್‌ಬರೊದಲ್ಲಿ ನಡೆಯುವುದು ಒಂದೇ ಉತ್ಸವವಲ್ಲ, ಹಲವು ಉತ್ಸವಗಳು ಒಂದೇ ತಿಂಗಳಲ್ಲಿ ಒಂದೇ ಊರಿನಲ್ಲಿ ಸೇರಿರುತ್ತವೆ ಎಂಬುದು ಮನಸ್ಸಿಗೆ ಬಂದರೆ ನಿಮ್ಮ ಅರ್ಧ ದಿಗಿಲು ಕಳೆಯುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಎರಡೇ ವರ್ಷಕ್ಕೆ, 1947ರಲ್ಲಿ, ರುಡಾಲ್ಫ್ ಬಿಂಗ್ ಅವರ ನೇತೃತ್ವದಲ್ಲಿ ಎಡಿನ್‌ಬರೊ ಅಂತರರಾಷ್ಟ್ರೀಯ ಉತ್ಸವ ಆರಂಭವಾಯಿತು. ನಾಜಿಗಳ ದೆಸೆಯಿಂದ ದೇಶ ಬಿಟ್ಟಿದ್ದ ವಾದ್ಯವೃಂದ ನಿರ್ದೇಶಕ ಬ್ರೂನೊ ವಾಲ್ಟರ್ ತಮ್ಮ ಹಳೆಯ ವಿಯೆನ್ನಾ ಫಿಲ್‌ಹಾರ್ಮೊನಿಕ್ ವಾದ್ಯವೃಂದವನ್ನು ಮತ್ತೆ ಕೂಡಿಕೊಂಡು ನುಡಿಸಿದ್ದು ಆ ಮೊದಲ ವರ್ಷದಲ್ಲೇ. ಇಂದಿಗೂ ಈ ಉತ್ಸವಕ್ಕೆ ಕಲಾವಿದರನ್ನು ಆಯ್ದು ಆಹ್ವಾನಿಸಲಾಗುತ್ತದೆ.

ಅದೇ 1947ರಲ್ಲಿ ಯಾರೂ ಕರೆಯದಿದ್ದರೂ ಎಂಟು ನಾಟಕ ತಂಡಗಳು ಬಂದು, ತಮಗೆ ತಾವೇ ಜಾಗ ಹುಡುಕಿಕೊಂಡು ಪ್ರದರ್ಶನ ನೀಡಿದವು. ಫ್ರಿಂಜ್ ಎಂಬ ಇನ್ನೊಂದು ಉತ್ಸವ ಹುಟ್ಟಿದ್ದು ಹೀಗೆ. ಅಲ್ಲಿ ಆಯ್ಕೆ ಸಮಿತಿ ಎಂಬುದೇ ಇಲ್ಲ. ಜಾಗ ಹೊಂದಿಸಿಕೊಂಡು ಹೆಸರು ನೋಂದಾಯಿಸಿದ ಯಾರು ಬೇಕಾದರೂ ಆಡಬಹುದು. ನೀವು ಕೇಳಿರುವ ಸಾವಿರಾರು ಪ್ರದರ್ಶನಗಳಲ್ಲಿ ಬಹುಪಾಲು ಇದರವೇ. ಅತ್ಯುತ್ತಮವಾದದ್ದು ಮತ್ತು ತೀರ ಕಚ್ಚಾ ಆದದ್ದು ಅಕ್ಕಪಕ್ಕದ ಕೋಣೆಗಳಲ್ಲೇ ನಡೆಯುತ್ತಿರುತ್ತವೆ. ನನ್ನ ಮಟ್ಟಿಗೆ ಆ ಊರಿನ ಜೀವ ಇರುವುದು ಇಲ್ಲಿಯೇ.

ಆದ್ದರಿಂದ ಅಂತರರಾಷ್ಟ್ರೀಯ ಉತ್ಸವದ ಎರಡು ಸಂಜೆಗಳನ್ನಷ್ಟೇ ಮುಂಚಿತವಾಗಿ ಕಾಯ್ದಿರಿಸಿ, ಉಳಿದದ್ದನ್ನು ಅಲ್ಲಿ ಹೋದ ಮೇಲೆ ತೀರ್ಮಾನಿಸಿ ಎಂಬುದು ನನ್ನ ಸಲಹೆ. ರಾಯಲ್ ಮೈಲ್ ಬೀದಿಯಲ್ಲಿ ನಟರೇ ವೇಷ ತೊಟ್ಟು ನಿಂತು ಕರಪತ್ರ ಹಂಚುತ್ತಿರುತ್ತಾರೆ. ಕರಪತ್ರ ಪಡೆದು ಸುಮ್ಮನೆ ಮುಂದೆ ಸಾಗಬೇಡಿ. ನಿಂತು ಎರಡು ನಿಮಿಷ ಮಾತನಾಡಿಸಿ. ತನ್ನ ನಾಟಕ ಯಾವುದರ ಬಗ್ಗೆ ಎಂದು ಕಣ್ಣಲ್ಲಿ ಹೊಳಪಿಟ್ಟು ಹೇಳುವ ಹುಡುಗಿಯ ಮಾತು ಪತ್ರಿಕೆಯ ವಿಮರ್ಶೆಗಿಂತ ಹೆಚ್ಚು ತಿಳಿಸುತ್ತದೆ. ಫ್ರಿಂಜ್‌ನ ಬಹಳಷ್ಟು ಪ್ರದರ್ಶನಗಳು ಸುಮಾರು ಒಂದು ಗಂಟೆಯವು. ವಿಶ್ವವಿದ್ಯಾಲಯದ ಉಪನ್ಯಾಸ ಕೊಠಡಿ, ಚರ್ಚಿನ ಸಭಾಂಗಣ, ಪಬ್ಬಿನ ನೆಲಮಾಳಿಗೆ ಎಲ್ಲವೂ ಆ ತಿಂಗಳು ರಂಗಮಂದಿರಗಳಾಗುತ್ತವೆ. ಒಂದು ತಂಡ ಪರಿಕರಗಳನ್ನು ಎತ್ತಿಕೊಂಡು ಹೊರಬರುವಷ್ಟರಲ್ಲಿ ಮುಂದಿನ ತಂಡ ಬಾಗಿಲಲ್ಲಿ ಕಾಯುತ್ತಿರುತ್ತದೆ. ಹೀಗಾಗಿ ತಡವಾಗಿ ಹೋದವರಿಗೆ ಸಾಮಾನ್ಯವಾಗಿ ಪ್ರವೇಶವಿರುವುದಿಲ್ಲ. ಊರು ಏರುತಗ್ಗಿನದು, ಕಲ್ಲುಹಾಸಿನ ಬೀದಿಗಳು; ದಿನಕ್ಕೆ ಮೂರು ಪ್ರದರ್ಶನ ಸಾಕು, ನಡುವೆ ಒಂದೂವರೆ ಗಂಟೆಯಾದರೂ ಬಿಡುವಿರಲಿ. ಟಿಕೆಟ್ ಇಲ್ಲದ ಪ್ರದರ್ಶನಗಳೂ ಬಹಳಷ್ಟಿವೆ. ಮುಗಿದ ಮೇಲೆ ಬಾಗಿಲ ಬಳಿ ಹಿಡಿಯುವ ಬಕೆಟ್ಟಿಗೆ ನಾಲ್ಕಾರು ಪೌಂಡ್ ಹಾಕದೆ ಬರಬೇಡಿ, ಏಕೆಂದರೆ ಅಲ್ಲಿ ಆಡುವ ಬಹುಮಂದಿ ಕೈಯಿಂದ ಹಣ ಹಾಕಿ ಬಂದವರು.

ಭಾಷೆಯ ಚಿಂತೆ ಬೇಡ. ತಂಡಗಳು ಹಲವು ದೇಶಗಳಿಂದ ಬರುತ್ತವೆ, ಎಲ್ಲರೂ ಸ್ಕಾಟ್ ಉಚ್ಚಾರದವರಲ್ಲ. ವೇಗವಾಗಿ ಮಾತನಾಡುವ ಹಾಸ್ಯ ಕಾರ್ಯಕ್ರಮಗಳನ್ನು ಮಾತ್ರ ಬಿಟ್ಟು, ನೃತ್ಯ, ಸರ್ಕಸ್, ಮೂಕಾಭಿನಯ ಮತ್ತು ಅಷರ್ ಹಾಲ್‌ನ ಸಂಗೀತ ಕಛೇರಿಗಳತ್ತ ಹೊರಳಿ. ಕೋಟೆಯ ಮುಂದಿನ ಬಯಲಿನಲ್ಲಿ 1950ರಿಂದ ನಡೆದುಬಂದಿರುವ ಮಿಲಿಟರಿ ಟ್ಯಾಟೂ, ಅಂದರೆ ಸೇನಾ ವಾದ್ಯತಂಡಗಳ ಪ್ರದರ್ಶನ, ಬ್ಯಾಗ್‌ಪೈಪ್ ವಾದನಕ್ಕಾಗಿಯೇ ನೋಡತಕ್ಕದ್ದು. ಅಲ್ಲಿ ಪ್ರೇಕ್ಷಕರ ತಲೆಯ ಮೇಲೆ ಛಾವಣಿಯಿಲ್ಲ, ಕೊಡೆ ಬಿಚ್ಚಿದರೆ ಹಿಂದಿನವರಿಗೆ ಅಡ್ಡಿ. ರೇನ್‌ಕೋಟ್ ಮತ್ತು ದಪ್ಪ ಸ್ವೆಟರ್ ಇರಲಿ.

ಇನ್ನು ವಸತಿ. ಆಗಸ್ಟ್‌ನಲ್ಲಿ ಅಲ್ಲಿ ಕೋಣೆಗಳ ಬಾಡಿಗೆ ವಿಪರೀತ ಏರುತ್ತದೆ, ಆದ್ದರಿಂದ ರದ್ದುಪಡಿಸಲು ಅವಕಾಶವಿರುವ ಕೋಣೆಯನ್ನು ಈಗಲೇ ಕಾಯ್ದಿರಿಸಿ. ಕೈಗೆಟಕದಿದ್ದರೆ ಗ್ಲಾಸ್ಗೋದಲ್ಲಿ ಉಳಿಯಬಹುದು. ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯೊಳಗಿನ ಹಾದಿ, ಆದರೆ ತಡರಾತ್ರಿಯ ಪ್ರದರ್ಶನಗಳನ್ನು ಬಿಡಬೇಕಾಗುತ್ತದೆ. ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾ ಬ್ರಿಟನ್ನಿಗೆ ನಡೆಯುವುದಿಲ್ಲ. ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಮೂರು ತಿಂಗಳು ಮುಂಚೆಯಷ್ಟೇ ಅರ್ಜಿ ಹಾಕಲು ಸಾಧ್ಯ, ಹಾಗಾಗಿ ಮೇ ತಿಂಗಳಲ್ಲಿ ಕಾಗದಪತ್ರಗಳೆಲ್ಲ ಸಿದ್ಧವಾಗಿರಲಿ.