2008ರ ಆಲ್ಟೊ: ಮಾರುವವರು ‘20 ಗ್ಯಾರಂಟಿ’ ಅಂತಾರೆ, ನಿಜಕ್ಕೂ ಎಷ್ಟು ಮೈಲೇಜ್ ಬರುತ್ತೆ?

2008ರ ಮಾರುತಿ ಆಲ್ಟೊ ಒಂದನ್ನು ನೋಡಿಟ್ಟಿದ್ದೀರಿ. ಮಾರುವವರು ಲೀಟರಿಗೆ 20 ಕಿ.ಮೀ. ಗ್ಯಾರಂಟಿ ಅಂತಿದ್ದಾರೆ. ದಿನಾ ಬೆಂಗಳೂರಲ್ಲಿ ಆಫೀಸಿಗೆ, ತಿಂಗಳಿಗೊಮ್ಮೆ ಹಾಸನಕ್ಕೆ ಓಡಿಸಿದರೆ ನಿಜವಾಗಿ ಎಷ್ಟು ಸಿಗುತ್ತೆ ಅನ್ನೋದು ನಿಮ್ಮ ಪ್ರಶ್ನೆ.

ಗಾಡಿ ಸರಿಯಾಗಿದ್ದರೆ ಬೆಂಗಳೂರಿನೊಳಗೆ ಎಸಿ ಹಾಕಿಕೊಂಡು 12ರಿಂದ 14. ಹಾಸನದ ರೋಡಲ್ಲಿ 80ರ ಆಸುಪಾಸಿನಲ್ಲಿ ಹೋದರೆ 18, ಕೆಲವೊಮ್ಮೆ 19. ಇಪ್ಪತ್ತು ಬರೋದೇ ಇಲ್ಲ ಅಂತಲ್ಲ. ಬೆಳಗಿನ ಜಾವ ಎದ್ದು, ಎಸಿ ಆಫ್ ಮಾಡಿ, ಒಬ್ಬರೇ ಕೂತು, ಕುಣಿಗಲ್ ದಾಟುವವರೆಗೂ ಬ್ರೇಕ್ ಮುಟ್ಟದೆ ಹೋದರೆ ಬರುತ್ತೆ. ಮಾರುವವರಿಗೆ ಯಾವಾಗಲೂ ಅದೊಂದು ದಿನದ ಲೆಕ್ಕ ಮಾತ್ರ ನೆನಪಿರುತ್ತೆ.

ನಮ್ಮ ಮನೆಯಲ್ಲಿ 2007ರ ಆಲ್ಟೊ ಇನ್ನೂ ಓಡುತ್ತಿದೆ. ಅದಕ್ಕೂ ಮುಂಚೆ ಕಾರ್ಬೊರೇಟರ್ ಇದ್ದ ಮಾರುತಿ 800 ಇತ್ತು. ಹಾಗಾಗಿ ಮೇಲಿನ ಅಂಕಿಗಳು ಬ್ರೋಷರ್ ನೋಡಿ ಬರೆದದ್ದಲ್ಲ.

ಬ್ರೋಷರ್ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ಕಂಪನಿಗಳು ಹೇಳುವ ಮೈಲೇಜ್ ರೋಡಿನಲ್ಲಿ ಅಳೆದದ್ದಲ್ಲ. ಕಾರಿನ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ, ಮೊದಲೇ ಗೊತ್ತುಮಾಡಿದ ವೇಗದಲ್ಲಿ ಸುಮಾರು 20 ನಿಮಿಷ ಓಡಿಸುತ್ತಾರೆ. ವೇಗ 90 ದಾಟುವುದಿಲ್ಲ. ಎಸಿ ಆಫ್. ಗುಂಡಿ ಇಲ್ಲ, ಹಂಪ್ ಇಲ್ಲ, ಅಡ್ಡ ಬರುವ ಆಟೋ ಇಲ್ಲ. 2012ರಲ್ಲಿ ಆಲ್ಟೊ 800 ಬಂದಾಗ ಹೇಳಿದ 22.74 ಇಂಥ ಟೆಸ್ಟಿನದು. ಅದು ಸುಳ್ಳಲ್ಲ. ಒಂದೇ ತಕ್ಕಡಿಯಲ್ಲಿ ಎಲ್ಲ ಕಾರನ್ನೂ ತೂಗಿ ಹೋಲಿಸೋಕೆ ಅದು ಬೇಕು. ಆದರೆ ನಿಮ್ಮ ಪೆಟ್ರೋಲ್ ಬಿಲ್ಲಿಗೂ ಅದಕ್ಕೂ ಸಂಬಂಧ ಕಡಿಮೆ.

ಬೆಂಗಳೂರಲ್ಲಿ ಯಾಕೆ ಅಷ್ಟು ಬೀಳುತ್ತೆ? ನಿಂತಿರುವ ಹೊತ್ತೇ ಜಾಸ್ತಿ, ಅದಕ್ಕೆ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2022ರ ಲೆಕ್ಕದ ಪ್ರಕಾರ ಬೆಂಗಳೂರಿನ ಒಳಭಾಗದಲ್ಲಿ 10 ಕಿ.ಮೀ. ಹೋಗೋಕೆ ಸರಾಸರಿ 29 ನಿಮಿಷ ಬೇಕಿತ್ತು. ಅದು ಇಡೀ ದಿನದ ಸರಾಸರಿ, ಆಫೀಸ್ ಹೊತ್ತಿನ ಕತೆ ನಿಮಗೇ ಗೊತ್ತು. ಆಲ್ಟೊದಂಥ 796 ಸಿಸಿ ಎಂಜಿನ್ ಸುಮ್ನೆ ಐಡ್ಲಿಂಗ್‌ನಲ್ಲಿ ನಿಂತರೂ ಗಂಟೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿನೇ ಕುಡಿಯುತ್ತೆ, ಎಸಿ ಇದ್ದರೆ ಇನ್ನೂ ಹೆಚ್ಚು. ಆಫೀಸಿಗೆ ಹೋಗುವಾಗ ಸಿಗ್ನಲ್ಲುಗಳಲ್ಲಿ ಒಟ್ಟು 20 ನಿಮಿಷ ನಿಂತಿರಿ ಅಂದರೆ 200 ಮಿಲಿ ಹೋಯಿತು. ಅಷ್ಟರಲ್ಲಿ ಮೂರು ಕಿ.ಮೀ. ಓಡಬಹುದಿತ್ತು. ಮನೆಯಿಂದ ಎರಡು ಕಿ.ಮೀ. ದೂರದ ಅಂಗಡಿಗೆ ಹೋಗಿ ಬರೋದು ಇದಕ್ಕಿಂತ ಕೆಟ್ಟದ್ದು. ಎಂಜಿನ್ ಬಿಸಿಯಾಗುವ ತನಕ ಇಸಿಯು, ಅಂದರೆ ಎಂಜಿನ್ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್, ಪೆಟ್ರೋಲನ್ನು ಧಾರಾಳವಾಗಿಯೇ ಬಿಡುತ್ತೆ. ಅದು ಬಿಸಿಯಾಗೋದರೊಳಗೆ ನೀವು ವಾಪಸ್ ಮನೆಯಲ್ಲಿ.

ಇನ್ನು ‘ಹಳೇ ಗಾಡಿ ಜಾಸ್ತಿ ಕುಡಿಯುತ್ತೆ’ ಅನ್ನೋ ಮಾತು. ಇದು ಅರ್ಧ ಮಾತ್ರ ನಿಜ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಎಂಜಿನ್ ಲಕ್ಷ ಕಿ.ಮೀ. ಓಡಿದ ಮೇಲೂ ಹೆಚ್ಚುಕಮ್ಮಿ ಮೊದಲಿನ ಹಾಗೇ ಇರುತ್ತೆ. ಕೆಡೋದು ಅದರ ಸುತ್ತಮುತ್ತಲಿನ ಸಣ್ಣಪುಟ್ಟ ಸಾಮಾನು. ಅದರಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕಳ್ಳ ಥರ್ಮೋಸ್ಟಾಟ್ ವಾಲ್ವ್.

ಎಂಜಿನ್ ಬಿಸಿಯಾಗುವ ತನಕ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ರೇಡಿಯೇಟರಿಗೆ ಹೋಗದಂತೆ ತಡೆಯೋದು ಈ ವಾಲ್ವ್. 80 ಡಿಗ್ರಿ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತೆ. ನಮ್ಮ ಕಡೆ ಎಷ್ಟೋ ಗ್ಯಾರೇಜುಗಳಲ್ಲಿ ಗಾಡಿ ಒಮ್ಮೆ ಹೀಟ್ ಆಗಿ ಬಂದರೆ ಸಾಕು, ಈ ವಾಲ್ವನ್ನೇ ಕಿತ್ತು ಬಿಸಾಕುತ್ತಾರೆ. ‘ನಮ್ಮ ಸೆಖೆಗೆ ಇದೆಲ್ಲ ಬೇಡ ಸಾರ್’ ಅನ್ನೋದು ಅವರ ವಾದ. ಕಾರ್ಬೊರೇಟರ್ ಕಾಲದಲ್ಲಿ ಹೇಗೋ ನಡೆದುಹೋಯಿತು. ಎಂಪಿಎಫ್ಐ ಗಾಡಿಯಲ್ಲಿ, ಅಂದರೆ ಕಾರ್ಬೊರೇಟರ್ ಬದಲು ಇಸಿಯು ಹೇಳಿದಷ್ಟು ಪೆಟ್ರೋಲನ್ನು ಇಂಜೆಕ್ಟರ್‌ಗಳು ಚಿಮ್ಮಿಸುವ ಗಾಡಿಯಲ್ಲಿ, ಹಾಗಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಸೆನ್ಸರ್ ಹೇಳುತ್ತಲೇ ಇರುತ್ತೆ, ಇಸಿಯು ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತೆ. ನಾವು ಆಲ್ಟೊ ತಗೊಂಡಾಗ ಅದರಲ್ಲಿ ವಾಲ್ವ್ ಇರಲಿಲ್ಲ, ಹೌಸಿಂಗ್ ಬಿಚ್ಚಿದರೆ ಒಳಗೆ ಖಾಲಿ. ಹೈವೇಯಲ್ಲಿ ಹೋಗುವಾಗ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬರುವುದೇ ಇಲ್ಲ, ಟ್ರಾಫಿಕ್‌ನಲ್ಲಿ ನಿಂತಾಗ ಮಾತ್ರ ಮೇಲೇರುತ್ತೆ, ಹಾಗಾಗಿ ಅನುಮಾನ ಬಂದಿತ್ತು. ಹೊಸ ವಾಲ್ವ್, ಗ್ಯಾಸ್ಕೆಟ್, ಕೂಲೆಂಟ್ ಎಲ್ಲ ಸೇರಿ ಒಂದು ಫುಲ್ ಟ್ಯಾಂಕ್ ಪೆಟ್ರೋಲಿನ ದುಡ್ಡೂ ಆಗಲಿಲ್ಲ. ಊರೊಳಗೆ ಹನ್ನೆರಡಕ್ಕೂ ಏರದೆ ಇದ್ದದ್ದು ಆಮೇಲೆ 14ರ ಹತ್ತಿರ ಬಂತು. ನೀವು ನೋಡುತ್ತಿರುವ ಗಾಡಿಯಲ್ಲೂ ಈ ಮುಳ್ಳಿನ ಮೇಲೆ ಒಂದು ಕಣ್ಣಿಡಿ.

ಎರಡನೆಯದು ಬ್ರೇಕ್. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್ ತುಕ್ಕು ಹಿಡಿದರೆ ಪ್ಯಾಡು ಡಿಸ್ಕಿಗೆ ಸದಾ ತಾಗಿಕೊಂಡೇ ಇರುತ್ತೆ. ಓಡಿಸುವವರಿಗೆ ಗೊತ್ತೇ ಆಗೋದಿಲ್ಲ. ಇದನ್ನು ನೋಡೋದು ಬಹಳ ಸುಲಭ. ಖಾಲಿ ರೋಡಲ್ಲಿ ನಾಲ್ಕೈದು ಕಿ.ಮೀ. ಓಡಿಸಿ, ಕೊನೆಗೆ ಬ್ರೇಕ್ ಹೆಚ್ಚು ಒತ್ತದೆ ತಾನಾಗಿ ನಿಲ್ಲುವ ಹಾಗೆ ನಿಲ್ಲಿಸಿ. ಇಳಿದು ನಾಲ್ಕೂ ಚಕ್ರದ ನಟ್ಟುಗಳ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಮೂರು ಒಂದೇ ಥರ ಇದ್ದು ಒಂದರಲ್ಲಿ ಮಾತ್ರ ಕಾವು ಹೊಡೆಯುತ್ತಿದ್ದರೆ ಅಲ್ಲೇ ನಿಮ್ಮ ಪೆಟ್ರೋಲ್ ಸುಡುತ್ತಿದೆ. ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್ ಮಾಡಿ ತಳ್ಳಿಯೂ ನೋಡಬಹುದು. ಆಲ್ಟೊ ಹಗುರದ ಗಾಡಿ, ಒಬ್ಬರು ತಳ್ಳಿದರೆ ಸಲೀಸಾಗಿ ಉರುಳಬೇಕು.

ಆಕ್ಸಿಜನ್ ಸೆನ್ಸರ್, ಪ್ಲಗ್, ಟೈರಿನ ಗಾಳಿ ಇವೆಲ್ಲ ಎಲ್ಲರಿಗೂ ಗೊತ್ತಿರೋದೇ. ಏರ್ ಫಿಲ್ಟರ್ ಬದಲಿಸಿದರೆ ಮೈಲೇಜ್ ಏರುತ್ತೆ ಅನ್ನೋದು ಕಾರ್ಬೊರೇಟರ್ ಗಾಡಿಗೆ ಸರಿ, ಎಂಪಿಎಫ್ಐಗೆ ಅಷ್ಟಾಗಿ ಅಲ್ಲ. ಪೆಟ್ರೋಲ್ ಪೈಪಿಗೆ ಕಟ್ಟುವ ಆಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ ಇವಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಟೈರಿನ ಸೈಜು ಮಾತ್ರ ಗಮನ ಕೊಟ್ಟು ನೋಡಬೇಕಾದ ವಿಷಯ. ಆಲ್ಟೊಗೆ ಬರೋದು 145/80 ಆರ್12. ಮಾರುತಿ 800ಕ್ಕೆ ಬರುತ್ತಿದ್ದದ್ದು 145/70 ಆರ್12. ರಿಮ್ ಒಂದೇ ಅಳತೆ, ಹಾಗಾಗಿ ಕೆಲವರು ಆಲ್ಟೊಗೆ 800ರ ಟೈರ್ ಹಾಕಿಸಿಬಿಟ್ಟಿರುತ್ತಾರೆ. ಲೆಕ್ಕ ಹಾಕಿದರೆ ಮೊದಲನೆಯದರ ವ್ಯಾಸ 537 ಮಿ.ಮೀ., ಎರಡನೆಯದು 508. ಚಿಕ್ಕ ಟೈರ್ ಅಷ್ಟೇ ದೂರಕ್ಕೆ ಜಾಸ್ತಿ ಸುತ್ತು ತಿರುಗುತ್ತೆ. ಮೀಟರ್ ಎಣಿಸೋದು ಸುತ್ತುಗಳನ್ನು, ರೋಡನ್ನಲ್ಲ. ನಿಜವಾಗಿ 100 ಕಿ.ಮೀ. ಹೋಗಿದ್ದರೆ ಅದು 105ಕ್ಕಿಂತ ಮೇಲೆ ತೋರಿಸುತ್ತೆ. ಅಂದರೆ 18 ಕೊಡುವ ಗಾಡಿ ಮಾಲೀಕರ ಲೆಕ್ಕದಲ್ಲಿ 19 ಆಗುತ್ತೆ. ಅವರು ಬೇಕಂತಲೇ ಸುಳ್ಳು ಹೇಳುತ್ತಿದ್ದಾರೆ ಅಂತ ಅಲ್ಲ, ಅವರ ಮೀಟರ್ ಅವರಿಗೆ ಹಾಗೇ ಹೇಳುತ್ತಿದೆ. ಟೈರಿನ ಬದಿಯಲ್ಲಿ ಬರೆದಿರುತ್ತೆ, ಬಗ್ಗಿ ಓದಿ.

ಈಗ ಇ20 ಪೆಟ್ರೋಲ್ ವಿಷಯ. 2023ರ ಫೆಬ್ರುವರಿಯಲ್ಲಿ ಇದಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಈಗ ಹೆಚ್ಚಿನ ಬಂಕುಗಳಲ್ಲಿ ಸಿಗೋದು ಇದೇ. ನೂರರಲ್ಲಿ ಇಪ್ಪತ್ತು ಭಾಗ ಎಥನಾಲ್. ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯಲೇಬೇಕು. ನೀತಿ ಆಯೋಗದ 2021ರ ವರದಿಯಲ್ಲೇ ಇ20ಗೆ ಅಂತ ಮಾಡದ ಹಳೇ ಕಾರುಗಳಲ್ಲಿ ಶೇಕಡಾ 6–7ರಷ್ಟು ಇಳಿಯಬಹುದು ಅಂತ ಇದೆ. 18 ಕೊಡೋದು 17 ಆಗುತ್ತೆ ಅಂದುಕೊಳ್ಳಿ. ಮೂರನೇ ಒಂದು ಭಾಗ ಬಿದ್ದುಹೋಯ್ತು ಅಂತ ಕೂಗುವವರ ಗಾಡಿಯಲ್ಲಿ ಬೇರೆ ಏನೋ ಕೆಟ್ಟಿದೆ. ನನಗೆ ಮೈಲೇಜಿಗಿಂತ ಚಿಂತೆ ರಬ್ಬರ್ ಪೈಪುಗಳದ್ದು. 2008ರ ಗಾಡಿಯ ಪೈಪು, ಸೀಲುಗಳನ್ನು ಇ20ಗೆ ಅಂತ ಮಾಡಿದ್ದಲ್ಲ. ಪೆಟ್ರೋಲ್ ಪೈಪ್ ಗಟ್ಟಿಯಾಗಿ ಬಿರುಕು ಬಿಟ್ಟಿದೆಯಾ ನೋಡಿಸಿ, ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ತಕ್ಷಣ ಬದಲಿಸಿ. ಇದು ದುಡ್ಡಿನ ಪ್ರಶ್ನೆಯಲ್ಲ, ಬೆಂಕಿಯ ಪ್ರಶ್ನೆ.

ಹಾಸನದಿಂದ ಮುಂದೆ ಶಿರಾಡಿ ಘಾಟಿ ಇಳಿಯುವವರು ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುತ್ತೇವೆ ಅಂತಾರೆ. ಎಂಪಿಎಫ್ಐ ಗಾಡಿಯಲ್ಲಿ ಇದು ಉಲ್ಟಾ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಚಕ್ರವೇ ಎಂಜಿನನ್ನು ತಿರುಗಿಸುತ್ತೆ, ಇಸಿಯು ಪೆಟ್ರೋಲ್ ನಿಲ್ಲಿಸಿಬಿಡುತ್ತೆ. ನ್ಯೂಟ್ರಲ್ ಹಾಕಿದರೆ ಐಡ್ಲಿಂಗಿಗೆ ಪೆಟ್ರೋಲ್ ಕೊಡಲೇಬೇಕು. ಮೇಲಿಂದ ಎಂಜಿನ್ ಹಿಡಿತ ಇಲ್ಲದೆ ಬ್ರೇಕ್ ಬಿಸಿಯಾಗುತ್ತೆ. ಪೆಟ್ರೋಲೂ ಹೋಯಿತು, ಬ್ರೇಕೂ ಹೋಯಿತು.

ದುಡ್ಡಿನ ಲೆಕ್ಕಕ್ಕೆ ಬರೋಣ. ಆಫೀಸು 12 ಕಿ.ಮೀ. ದೂರ, ತಿಂಗಳಿಗೆ 22 ದಿನ ಅಂತ ಇಟ್ಟುಕೊಳ್ಳಿ. ಊರೊಳಗೆ 528 ಕಿ.ಮೀ., ಹಾಸನಕ್ಕೆ ಹೋಗಿ ಬರೋದು ಸುಮಾರು 370. ಪೆಟ್ರೋಲ್ 103 ರೂಪಾಯಿ ಅಂತ ಹಿಡಿಯೋಣ. ಚೆನ್ನಾಗಿರುವ ಆಲ್ಟೊ, ಊರಲ್ಲಿ 13, ಹೈವೇಲಿ 18 ಕೊಟ್ಟರೆ ತಿಂಗಳಿಗೆ ಸುಮಾರು 6,300 ರೂಪಾಯಿ. ಹೊಸ ಸಣ್ಣ ಕಾರು 16 ಮತ್ತು 22 ಕೊಟ್ಟರೆ ಸುಮಾರು 5,130. ವ್ಯತ್ಯಾಸ 1,200 ರೂಪಾಯಿ ಒಳಗೆ. ಇಷ್ಟಕ್ಕೋಸ್ಕರ ಹೊಸ ಕಾರಿನ ಇಎಂಐ ಕಟ್ಟುವವರು ಯಾರೂ ಇಲ್ಲ ಅಲ್ವಾ? ಅದೇ ನೋಡ್ಕೊಳ್ಳದೆ ಬಿಟ್ಟ ಆಲ್ಟೊ, ಊರಲ್ಲಿ 10, ಹೈವೇಲಿ 15 ಕೊಡುವಂಥದ್ದಾದರೆ ಹೆಚ್ಚುಕಮ್ಮಿ 8,000. ಹಳೇದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸಕ್ಕಿಂತ, ಚೆನ್ನಾಗಿರುವ ಹಳೇದಕ್ಕೂ ಕೆಟ್ಟಿರುವ ಹಳೇದಕ್ಕೂ ಇರುವ ವ್ಯತ್ಯಾಸವೇ ಜಾಸ್ತಿ. ಅದಕ್ಕೇ ‘ಆಲ್ಟೊ ಎಷ್ಟು ಕೊಡುತ್ತೆ’ ಅಂತ ಕೇಳಬೇಡಿ, ಈ ಆಲ್ಟೊ ಎಷ್ಟು ಕೊಡುತ್ತಿದೆ ಅಂತ ನೀವೇ ಅಳೆಯಿರಿ.

ಅಳೆಯೋದು ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ. ಪಂಪು ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಿ ಅನ್ನಿ. ಬಂಕಿನ ಹುಡುಗರು ರೌಂಡ್ ಫಿಗರ್ ಮಾಡೋಕೆ ಇನ್ನೂ ಸ್ವಲ್ಪ ಒತ್ತುತ್ತಾರೆ, ಬೇಡ ಅನ್ನಿ. ಮೀಟರಿನ ಫೋಟೋ ತೆಗೆದುಕೊಳ್ಳಿ. ಆಲ್ಟೊ ಟ್ಯಾಂಕು 35 ಲೀಟರ್, ಕಡಿಮೆ ಅಂದರೂ 300 ಕಿ.ಮೀ. ಓಡಿಸಿ. ಮತ್ತೆ ಅದೇ ಬಂಕು, ಅದೇ ಪಂಪು, ಗಾಡಿ ಅದೇ ದಿಕ್ಕಿಗೆ ಮುಖ ಮಾಡಿ ನಿಂತಿರಲಿ. 500 ರೂಪಾಯಿಗೆ ಹಾಕಿಸಿ, ಮುಳ್ಳು ಎಲ್ಲಿಗೆ ಬಂತು ಅಂತ ನೋಡಿ ಲೆಕ್ಕ ಹಾಕೋದೆಲ್ಲ ಬರೀ ಅಂದಾಜು. ಹೈವೇ ಲೆಕ್ಕ ಬೇರೆ ಬೇಕು ಅಂದರೆ ಗೊರಗುಂಟೆಪಾಳ್ಯದ ಜಾಮ್ ಕಳೆದು, ನೆಲಮಂಗಲ ದಾಟಿದ ಮೇಲೆ ತುಂಬಿಸಿ. ದೂರವನ್ನು ಫೋನಿನ ಮ್ಯಾಪ್ ಜೊತೆ ತಾಳೆ ನೋಡಿ, ಟೈರಿನ ಮೋಸ ಇದ್ದರೆ ಅಲ್ಲೇ ಗೊತ್ತಾಗುತ್ತೆ.

ಕೊಳ್ಳುವ ಮುಂಚೆ ಇಷ್ಟೆಲ್ಲ ಓಡಿಸೋಕೆ ಯಾರೂ ಕೊಡಲ್ಲ, ನಿಜ. ಅರ್ಧ ಗಂಟೆ ಓಡಿಸೋಕೆ ಕೊಡುತ್ತಾರೆ. ಅಷ್ಟರಲ್ಲಿ ಟೆಂಪರೇಚರ್ ಮುಳ್ಳು, ಚಕ್ರದ ಕಾವು, ಟೈರಿನ ಸೈಜು ಮೂರೂ ನೋಡಬಹುದು. ವಾಲ್ವ್ ಇಲ್ಲ, ಬ್ರೇಕ್ ಹಿಡಿದಿದೆ, ಟೈರ್ ಬೇರೆ ಅಂತ ಕಂಡರೆ ಗಾಡಿ ಬಿಡಬೇಕಾಗಿಲ್ಲ, ರಿಪೇರಿ ಖರ್ಚನ್ನು ರೇಟಿನಲ್ಲಿ ಕಳೆದು ಕೇಳಿ. ಇನ್ನೊಂದು ಮಾತು. 2008ರ ಗಾಡಿಗೆ 2023ಕ್ಕೇ 15 ವರ್ಷ ತುಂಬಿದೆ. ಆರ್‌ಸಿ ರಿನ್ಯೂ ಆಗಿದೆಯಾ ನೋಡಿ. ಆಗಿಲ್ಲ ಅಂದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ, ಆರ್‌ಸಿ ಕೈಗೆ ಬಂದ ಮೇಲೆ ದುಡ್ಡು ಕೊಡುತ್ತೇನೆ ಅನ್ನಿ.