‘ಮೊಯಮೊಯ’ ಅಂದರೇನು ಅಂತ ಕೇಳಿದ್ದೀರಲ್ಲ

ಜಪಾನಿ ಭಾಷೆಯ ಎನ್3 ಪರೀಕ್ಷೆ ಪಾಸು ಮಾಡಿ ಟೋಕಿಯೊದ ನಿಶಿಕಸಾಯಿಗೆ ಬಂದಿದ್ದರೂ ಆಫೀಸಿನವರು ಆಡುವ ‘ಮೊಯಮೊಯ’, ‘ಹರಹರ’ ತಲೆಗೆ ಹತ್ತುತ್ತಿಲ್ಲ, ಇದು ಮಕ್ಕಳ ಭಾಷೆಯಲ್ಲವಾ ಅಕ್ಕಾ, ಕಲಿಯಲೇಬೇಕಾ ಅಂತ ಕೇಳಿದ್ದೀರಿ. ಕಲಿಯಲೇಬೇಕು. ಗೌರವದ ಮಾತು ‘ಕೇಯ್‌ಗೊ’ಗಿಂತ ಮೊದಲೇ ಕಲಿಯಿರಿ ಅಂತೀನಿ. ಕೇಯ್‌ಗೊ ತಪ್ಪಿದರೆ ಹೊರದೇಶದವರು ಅಂತ ಸುಮ್ಮನಾಗುತ್ತಾರೆ. ಇವು ಬಾರದಿದ್ದರೆ ಎದುರಿನವರ ಮನಸ್ಸಿನಲ್ಲಿ ಏನಿದೆ ಅನ್ನುವುದೇ ತಿಳಿಯದೆ ಹೋಗುತ್ತದೆ.

ಮಕ್ಕಳ ಭಾಷೆ ಖಂಡಿತ ಅಲ್ಲ. ಭಾಷಾಶಾಸ್ತ್ರಜ್ಞ ಹರುಹಿಕೊ ಕಿಂದೈಚಿ 1978ರಲ್ಲಿ ಈ ಅನುಕರಣ ಪದಗಳನ್ನು ಐದು ಬಗೆ ಮಾಡಿದಾಗ, ಮನಸ್ಸಿನ ಸ್ಥಿತಿ ಹೇಳುವುದಕ್ಕೆಂದೇ ‘ಗಿಜೊಗೊ’ ಅನ್ನುವ ಬಗೆಯೊಂದನ್ನು ಬೇರೆಯಾಗಿ ಇಟ್ಟರು.

ನಿಮ್ಮ ‘ಮೊಯಮೊಯ’ ಇದೆಯಲ್ಲ, ಆಫೀಸಿನಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ. ಮೊಯ ಅಂದರೆ ಮಂಜು. ಮೀಟಿಂಗ್ ಮುಗಿದ ಮೇಲೆ ಯಾರಾದರೂ ಮೆಲ್ಲಗೆ ‘ಚೊತ್ತೊ ಮೊಯಮೊಯ ಶಿಮಸು’ ಅಂದರೆ, ತೀರ್ಮಾನ ಅವರ ಮನಸ್ಸಿಗೆ ಒಗ್ಗಿಲ್ಲ, ಏನೋ ಕಸಿವಿಸಿ ಉಳಿದಿದೆ, ಆದರೆ ‘ಬೇಡ’ ಅಂತ ಬಾಯಿಬಿಟ್ಟು ಹೇಳಲಾರರು ಅಂತ ಅರ್ಥ. ಅದನ್ನು ಒಪ್ಪಿಗೆ ಅಂದುಕೊಂಡು ಮುಂದೆ ಹೋಗಬೇಡಿ. ‘ದೊಕೊ ಗ ಹಿಕ್ಕಕರಿಮಸು ಕ’, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ, ಅಂತ ಕೇಳಿ. ಆಗ ನಿಜವಾದ ಮಾತು ಹೊರಗೆ ಬರುತ್ತದೆ. ನಿಮಗೇ ಬೇಸರವಾದಾಗಲೂ ಈ ಪದವನ್ನೇ ಬಳಸಿ. ‘ಇರಾಇರಾ’ ಅಂದರೆ ರೇಗುತ್ತಿದೆ ಅಂತ. ಮೇಲಿನವರ ಎದುರು ಆಡಿದರೆ ಖಾರವಾಗುತ್ತದೆ.

ಇನ್ನು ‘ಹರಹರ’. ಮಗು ಜಾರುಬಂಡೆಯ ತುದಿಯಲ್ಲಿ ನಿಂತಾಗ ಕೆಳಗೆ ನಿಂತು ನೋಡುವ ನಿಮಗೆ ಜೀವ ಬಾಯಿಗೆ ಬರುತ್ತದಲ್ಲ, ಅದು. ‘ದೊಕಿದೊಕಿ’ ನಮ್ಮ ಎದೆ ಢವಢವವೇ. ಭಯಕ್ಕೂ ಸಲ್ಲುತ್ತದೆ, ಪ್ರೀತಿಗೂ ಸಲ್ಲುತ್ತದೆ. ‘ವಕುವಕು’ದಲ್ಲಿ ಭಯವಿಲ್ಲ, ನಾಳೆ ಪ್ರವಾಸ ಅನ್ನುವಾಗಿನ ಹಿಗ್ಗು ಅಷ್ಟೇ.

ಕನ್ನಡದವರಿಗೆ ಇದು ಕಷ್ಟವಾಗಬಾರದು. ಕೈಕಾಲು ಗಡಗಡ, ಮುಸಿಮುಸಿ ನಗು ಅಂತ ದಿನವಿಡೀ ಆಡುವವರು ನಾವು. ಒಂದು ಎಚ್ಚರ: ನಾವು ‘ಢವಢವ ಅನ್ನುತ್ತೆ’ ಅನ್ನುತ್ತೇವೆ, ಅವರು ‘ದೊಕಿದೊಕಿ ಸುರು’ ಅನ್ನುತ್ತಾರೆ, ಅಂದರೆ ‘ಮಾಡು’ ಸೇರಿಸುತ್ತಾರೆ. ಇನ್ನೊಂದು, ಮೊದಲಕ್ಷರ ಗಡುಸಾದರೆ ಭಾವವೂ ಗಡುಸಾಗುತ್ತದೆ. ನಕ್ಷತ್ರ ‘ಕಿರಕಿರ’ ಮಿನುಗಿದರೆ, ಕಣ್ಣು ಕುಕ್ಕುವ ಬಿಸಿಲು ‘ಗಿರಗಿರ’. ಕ, ಗ ಬೇರೆಯಾಗಿ ಕೇಳುವ ಕಿವಿ ನಮಗೆ ಹುಟ್ಟಿನಿಂದಲೇ ಇದೆ.

ಡಾಕ್ಟರ ಹತ್ತಿರ ಹೋಗುವ ಮುಂಚೆಯಂತೂ ನಾಲ್ಕು ಪದ ಬಾಯಿಪಾಠ ಮಾಡಿಕೊಳ್ಳಿ. ನೋವು ಹೇಗಿದೆ ಅಂತ ಕೇಳುವುದೇ ಈ ಭಾಷೆಯಲ್ಲಿ. ನಾಡಿ ಮಿಡಿದಂತೆ ಸಿಡಿಯುವುದು ‘ಜುಕಿಜುಕಿ’, ಸೂಜಿ ಚುಚ್ಚಿದಂತೆ ‘ಚಿಕುಚಿಕು’, ಹೊಟ್ಟೆಯಲ್ಲಿ ಸಣ್ಣಗೆ ಬಿಡದೆ ಇರುವ ನೋವು ‘ಶಿಕುಶಿಕು’, ಹೊಟ್ಟೆ ತೊಳೆಸುವುದು ‘ಮುಕಮುಕ’. ಸಿಟ್ಟು ಉಕ್ಕಿಬಂದರೂ ಮುಕಮುಕವೇ, ಸಣ್ಣ ದನಿಯಲ್ಲಿ ಅಳುವುದೂ ಶಿಕುಶಿಕುವೇ. ಅಲ್ಲಿ ಮೈಯಿನ ನೋವು, ಮನಸ್ಸಿನ ನೋವು ಬೇರೆ ಬೇರೆ ಮನೆಯಲ್ಲಿಲ್ಲ.

ಪುಸ್ತಕ ಯಾವುದು ಕೊಳ್ಳಲಿ ಅಂತ ಕೇಳಿದ್ದೀರಿ. ಮಗುವನ್ನು ಹೊಯ್ಕುಎನ್‌ಗೆ, ಅಂದರೆ ಶಿಶುವಿಹಾರಕ್ಕೆ ಸೇರಿಸಿದ್ದೀರಲ್ಲ, ಅಲ್ಲಿಂದ ಬರುವ ‘ರೆನ್‌ರಕುಚೊ’, ಟೀಚರೂ ಮನೆಯವರೂ ಒಬ್ಬರಿಗೊಬ್ಬರು ಬರೆದು ಕಳಿಸುವ ಪುಸ್ತಕ, ಅದೇ ಸಾಕು. ಬೆಳಿಗ್ಗೆ ಶಿಕುಶಿಕು ಅತ್ತ, ಮಧ್ಯಾಹ್ನ ನಿಕೊನಿಕೊ ನಗುತ್ತಾ ಊಟ ಮಾಡಿದ ಅಂತ ಟೀಚರ್ ಬರೆದು ಕಳಿಸುತ್ತಾರೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ ಮುಚ್ಚಿಡಬೇಡಿ, ಗಟ್ಟಿಯಾಗಿ ಓದಿ. ನೀವು ಬರೆಯುವ ಸಾಲಿನಲ್ಲೂ ಅಂಥದ್ದೊಂದು ಪದ ಹಾಕಿ. ಹೊಂದದಿದ್ದರೆ ಮಗುವನ್ನು ಕರೆತರಲು ಹೋದಾಗ ಟೀಚರನ್ನೇ ಕೇಳಿ, ಸರಿಯಾದದ್ದನ್ನು ಹೇಳಿಕೊಡುತ್ತಾರೆ.